ತಗಡಿನಲ್ಲಿ ಕತ್ತರಿಸಿದ ತಲೆಬರಹ

“ನಮ್ಮ ವಾಚನಾಲಯದ ಮೊದಲ ಭಿತ್ತಿಪತ್ರದ ತಲೆಬರಹವನ್ನು ಕೊಲ್ಹಾಪುರದಿಂದ ತಂದ ಮರದ ಅಚ್ಚುಗಳಲ್ಲಿ ಮುದ್ರಿಸಲಾಯಿತು. ಅಚ್ಚುಗಳು ಹಳೆಯವಾಗಿದ್ದುದರಿಂದ ಅಕ್ಷರಗಳು ಅಲ್ಲಲ್ಲಿ ಒಡೆದು ಮೂಡಿದವು. ಕಷ್ಟದ ಆ ದಿನಗಳ ಗುರುತಾಗಿ ಆ ಒಡಕು ಅಕ್ಷರಗಳನ್ನು ನಾವು ಇಂದಿಗೂ ಕಾಪಾಡಿಕೊಂಡು ಬಂದಿದ್ದೇವೆ.”

ಮಹಾರಾಷ್ಟ್ರದ ಗಡಹಿಂಗ್ಲಜದಲ್ಲಿರುವ ನಮ್ಮ ಕನ್ನಡ ವಾಚನಾಲಯದ ಪ್ರತಿ ವಾರ್ಷಿಕ ಸಭೆಯಲ್ಲಿಯೂ ಈ ಮೂರು ವಾಕ್ಯಗಳನ್ನು ಎದ್ದು ನಿಂತು ಓದುತ್ತಿದ್ದರು. ಓದಿದ ಮೇಲೆ ಎಲ್ಲರೂ ಗೋಡೆಯ ಮೇಲಿನ ಚೌಕಟ್ಟಿನ ಕಡೆ ಒಮ್ಮೆ ನೋಡಿ ತಲೆದೂಗುತ್ತಿದ್ದರು. ಈ ಮೂರು ವಾಕ್ಯಗಳಲ್ಲಿ ನಿಜವಾದದ್ದು ಒಂದೇ ಒಂದು ಸಂಗತಿ: ಚೌಕಟ್ಟಿನಲ್ಲಿದ್ದದ್ದು ನಮ್ಮ ಮೊದಲ ಭಿತ್ತಿಪತ್ರ. ಉಳಿದದ್ದು ಯಾರೋ ಊಹಿಸಿದ್ದು, ಇನ್ಯಾರೋ ಬರೆದುಕೊಂಡದ್ದು, ಆಮೇಲೆ ಎಲ್ಲರೂ ನಂಬಿದ್ದು.

ನಾನು ವಿದ್ವಾಂಸನಲ್ಲ. ಏಳನೆಯ ಇಯತ್ತೆಯವರೆಗೆ ಮರಾಠಿ ಶಾಲೆಗೆ ಹೋದವನು. ಮನೆಯಲ್ಲಿ ಆಡುವ ಕನ್ನಡವನ್ನು ಓದಲು ಕಲಿತದ್ದು ಇದೇ ಊರಿನ ಒಂದು ಸಣ್ಣ ಮುದ್ರಣಾಲಯದಲ್ಲಿ, ಎಡಬಲ ತಿರುಗಿದ ಸೀಸದ ಅಚ್ಚುಮೊಳೆಗಳನ್ನು ಜೋಡಿಸುತ್ತಾ. ಹಾಗೆ ಕಲಿತದ್ದರಿಂದಲೋ ಏನೋ, ಯಾರಾದರೂ ಒಂದು ಸಂಗತಿಯ ಮುಂಬದಿಯನ್ನು ತೋರಿಸಿದರೆ ಅದರ ಹಿಂಬದಿಯನ್ನೂ ಕೇಳುವ ಚಟ ನನಗೆ ಅಂಟಿಕೊಂಡಿದೆ. ಈ ಚಟ ಸಭೆಗಳಲ್ಲಿ ಯಾರಿಗೂ ಇಷ್ಟವಾಗುವುದಿಲ್ಲ. ಆದರೂ ವಾಚನಾಲಯದ ಮೂವರು ಸದಸ್ಯರ ಸಮಿತಿಯಲ್ಲಿ ನಾನಿದ್ದೇನೆ.

ಭಿತ್ತಿಪತ್ರವನ್ನು ನೋಡದವರಿಗಾಗಿ ಹೇಳುತ್ತೇನೆ. ಮೇಲ್ಭಾಗದಲ್ಲಿ ಗೇಣುದ್ದದ ಎರಡು ಶಬ್ದಗಳಿವೆ: ಕನ್ನಡ ವಾಚನಾಲಯ. ಅದರ ಕೆಳಗೆ ಸಣ್ಣ ಅಕ್ಷರದ ಆರು ಸಾಲುಗಳಲ್ಲಿ ಸ್ಥಳ, ಸಮಯ, ಆಮಂತ್ರಣ. ಮೇಲಿನ ಅಕ್ಷರಗಳು ದಪ್ಪವಾಗಿವೆ, ಸ್ವಲ್ಪ ಒರಟಾಗಿವೆ. ಕ, ವ, ಚ ಇಂಥ ಅಕ್ಷರಗಳ ದುಂಡಾದ ಹೊಟ್ಟೆಯ ಗೆರೆ ಎರಡೆರಡು ಕಡೆ ತುಂಡಾಗಿದೆ. ಆ ತುಂಡಾದ ಜಾಗದಲ್ಲಿ ಕಾಗದದ ಬಿಳುಪು ಓರೆಯಾಗಿ ಇಣುಕುತ್ತದೆ. ಜನ ಒಡಕು ಎನ್ನುವುದು ಇದನ್ನೇ.

ಐವತ್ತು ವರ್ಷಗಳ ಹಿಂದೆ ಆ ಆರು ಸಾಲುಗಳ ಮೊಳೆ ಜೋಡಿಸಿದವನು ನಾನು. ನಮ್ಮಲ್ಲಿದ್ದದ್ದು ಒಂದೇ ಒಂದು ಪೆಟ್ಟಿಗೆ ಕನ್ನಡದ ಮೊಳೆ. ಜೈನ ಕುಟುಂಬಗಳ ಲಗ್ನಪತ್ರಿಕೆಗಳಿಗಾಗಿ ತರಿಸಿದ್ದ ಆ ಮೊಳೆಗಳೆಲ್ಲ ಸಣ್ಣವು. ಕೊಲ್ಹಾಪುರದಿಂದ ತಂದ ಮರದ ದೊಡ್ಡ ಅಚ್ಚುಗಳೂ ಇದ್ದವು, ನಿಜ. ಆದರೆ ಅವು ಮರಾಠಿಯವು. ಅವುಗಳನ್ನು ಕಪಾಟಿನಲ್ಲಿ ನೋಡಿದ ಯಾರೋ, ಕನ್ನಡದ ತಲೆಬರಹವೂ ಅವುಗಳಿಂದಲೇ ಆಗಿರಬೇಕು ಎಂದುಕೊಂಡಿರಬೇಕು. ನಡೆದದ್ದು ಬೇರೆ. ದೊಡ್ಡ ಕನ್ನಡ ಅಕ್ಷರ ಬೇಕೆಂದಾಗ ನಾನು ಆ ಎರಡು ಶಬ್ದಗಳನ್ನು ಸಣ್ಣ ಮೊಳೆಯಲ್ಲಿ ಅಚ್ಚು ಹಾಕಿ, ಆ ಚೀಟಿಯನ್ನು ಕೊರೋಚಿಯಲ್ಲಿದ್ದ ನನ್ನ ಅಕ್ಕನಿಗೆ ಕೊಟ್ಟು ಬಂದೆ. ಅವಳನ್ನು ಮದುವೆ ಮಾಡಿ ಕೊಟ್ಟದ್ದು ಮಗ್ಗದವರ ಮನೆಗೆ. ಅವಳ ಅತ್ತೆ ಗೋದಾಮಿನಲ್ಲಿ ಬೇಲು ಎಂಬ ಬಟ್ಟೆಯ ದೊಡ್ಡ ಮೂಟೆಗಳ ಮೇಲೆ, ತೂತು ಕೊರೆದ ತಗಡು ಇಟ್ಟು ಬ್ರಷ್‌ನಿಂದ ಮಸಿ ಬಳಿದು ವ್ಯಾಪಾರಿಗಳ ಗುರುತು ಮೂಡಿಸುವ ಕೆಲಸ ಮಾಡುತ್ತಿದ್ದಳು. ಅಕ್ಕ ಎಣ್ಣೆ ಡಬ್ಬಿಯ ತಗಡು ಬಿಚ್ಚಿ, ಬಡಿದು ಚಪ್ಪಟೆ ಮಾಡಿ, ಆ ಎರಡು ಶಬ್ದಗಳನ್ನು ದೊಡ್ಡದಾಗಿ ಕೊರೆದುಕೊಟ್ಟಳು. ಮುದ್ರಣಾಲಯದಲ್ಲಿ ನಾವು ಕೆಳಗಿನ ಸಾಲುಗಳನ್ನು ಯಂತ್ರದಲ್ಲಿ ಅಚ್ಚು ಹಾಕಿ, ಮೇಲಿನ ಶಬ್ದಗಳನ್ನು ಒಂದೊಂದೇ ಹಾಳೆಗೆ ತಗಡಿಟ್ಟು ಕೈಯಿಂದ ಬಳಿದೆವು. ತಗಡಿನಲ್ಲಿ ಅಕ್ಷರದ ನಡುವಿನ ಭಾಗ ಬಿದ್ದುಹೋಗದಂತೆ ಹಿಡಿದುಕೊಳ್ಳಲು ಬಿಟ್ಟ ಸಣ್ಣ ಪಟ್ಟಿಗಳೇ ಆ ಬಿಳಿಯ ಗೆರೆಗಳು. ಒಡಕಲ್ಲ.

ಇದನ್ನು ನಾನು ಐವತ್ತು ವರ್ಷಗಳಿಂದ ಹೇಳುತ್ತಲೇ ಬಂದಿದ್ದೇನೆ. ಪಟ್ಟಿಗಳನ್ನು ನೇರವಾಗಿ ಬಿಡದೆ ಓರೆಯಾಗಿ ಬಿಟ್ಟದ್ದು ನನ್ನ ಅಕ್ಕನ ಸೌಂದರ್ಯದೃಷ್ಟಿ ಎಂದೂ ಸೇರಿಸಿ ಹೇಳುತ್ತಿದ್ದೆ. ಕೇಳಿದವರು, ಅಕ್ಕನ ಮೇಲೆ ಇವನಿಗೆ ಪ್ರೀತಿ ಎಂದುಕೊಳ್ಳುತ್ತಿದ್ದರು. ತಗಡುಗಳಾದರೂ ಇದ್ದಿದ್ದರೆ ತೋರಿಸಬಹುದಿತ್ತು; ಮುದ್ರಣಾಲಯ ಮುಚ್ಚಿದಾಗ ಸೀಸದ ಮೊಳೆಗಳ ಜೊತೆ ಅವೂ ಹಳೆಯ ಕಬ್ಬಿಣದವನ ಗಾಡಿ ಹತ್ತಿದವು.

ಕಳೆದ ವರ್ಷ ವಾಚನಾಲಯಕ್ಕೆ ಹೊಸ ಫಲಕ ಮತ್ತು ಒಂದು ಸ್ಮರಣ ಸಂಚಿಕೆ ಮಾಡುವುದೆಂದು ತೀರ್ಮಾನವಾಯಿತು. ಫಲಕವನ್ನು ಉಕ್ಕಿನ ತಗಡಿನಲ್ಲಿ ಅಕ್ಷರ ಕೊರೆದು, ಹಿಂದಿನಿಂದ ದೀಪ ಹಚ್ಚುವಂತೆ ಮಾಡಬೇಕೆಂಬುದು ನಮ್ಮ ಕಾರ್ಯದರ್ಶಿಗಳ ಆಸೆ. ಅವರು ಮಹಾಗಾಂವದವರು, ನಿವೃತ್ತ ಶಿಕ್ಷಕರು. ಊರೆಲ್ಲ ಅವರನ್ನು ಗುರೂಜಿ ಎನ್ನುತ್ತದೆ. ಮೇಲಿನ ಮೂರು ವಾಕ್ಯಗಳನ್ನು ಬರೆದವರೂ ಅವರೇ. ನಾವಿಬ್ಬರೂ ಎಸ್‌ಟಿ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಹೋಗಿ, ವಿನ್ಯಾಸದ ಕೆಲಸ ಮಾಡುವ ಒಬ್ಬ ತರುಣಿಯನ್ನು ಕಂಡೆವು. ಓಣಿಯೊಂದರ ಮಹಡಿಯಲ್ಲಿ ಅವಳ ಕೋಣೆ. ಮನೆಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಕನ್ನಡ ಓದುವುದನ್ನು ಅಜ್ಜಿಯಿಂದ ಕಲಿತಿದ್ದಳು.

“ಅಜ್ಜಾ, ಹನ್ನೊಂದು ಫಾಂಟ್ ತಗದಿಟ್ಟೇನಿ. ನಿಮ್ಮ ಮನಸ್ಸಿಗೆ ಯಾವುದು ಬರತೈತಿ ನೋಡ್ರಿ,” ಎಂದು ಪರದೆಯನ್ನು ನಮ್ಮ ಕಡೆ ತಿರುಗಿಸಿದಳು.

ಗುರೂಜಿ ಮೊದಲನೆಯದಕ್ಕೇ ಬೆರಳಿಟ್ಟರು. “ಈ ದುಂಡಂದು ಭಾಳ ಚಂದ ಐತಿ.”

“ಇದು ನಿಮ್ಮ ಮಗಳ ಲಗ್ನಪತ್ರಿಕಿಯೊಳಗ ಇತ್ತು, ಗುರೂಜಿ,” ಎಂದೆ. “ಹ್ವಾದ ವಾರ ಸ್ಟ್ಯಾಂಡಿನ ಹತ್ತರ ಶ್ರದ್ಧಾಂಜಲಿ ಬೋರ್ಡಿನ್ಯಾಗೂ ಇದ ಇತ್ತು. ಅದರ ಬಾಜೂಕ ಕಬ್ಬಿನ ರಸವಂತಿ ಅಂಗಡಿಗೂ ಇದ ಐತಿ.”

“ಅಂದ್ರ ಎಲ್ಲಾರಿಗೂ ಸೇರೇತಿ ಅಂತಾತಲ್ಲ.”

“ಎಲ್ಲಾರ ಮನಿಗೂ ಒಂದ ನಮೂನಿ ಬಾಗಲಾ ಹಚ್ಚಿದ್ರ, ನಿಮ್ಮ ಮನಿ ಹ್ಯಾಂಗ ಹುಡಕೂದ್ರಿ?”

ಆ ಹುಡುಗಿ ನಗು ತಡೆದುಕೊಂಡು ಪರದೆಯ ಕಡೆ ತಿರುಗಿದಳು. ಪರದೆಯ ಮೇಲೆ ತಲೆಬರಹವನ್ನು ಆರಿಸಬಾರದು ಎಂಬುದು ನನ್ನ ಹಳೆಯ ಅಭಿಪ್ರಾಯ. ಕೈಯಳತೆಯ ದೂರದಲ್ಲಿ ಎಲ್ಲ ಅಕ್ಷರವೂ ಚಂದವೇ. ಒಳಗಿನ ಪುಟದ ಅಕ್ಷರ ತನ್ನನ್ನು ಮರೆಸಿಕೊಂಡು ಓದಿಸಿಕೊಳ್ಳಬೇಕು. ತಲೆಬರಹದ ಅಕ್ಷರ ಓದುವ ಮೊದಲೇ ಗುರುತು ಸಿಗಬೇಕು. ಆದ್ದರಿಂದ ನಮ್ಮ ಎರಡು ಶಬ್ದಗಳನ್ನೇ ಹನ್ನೊಂದು ಬಗೆಯಲ್ಲಿ ದೊಡ್ಡ ಹಾಳೆಗಳ ಮೇಲೆ ಮುದ್ರಿಸಿ ಕೊಡಲು ಹೇಳಿದೆ. ಹಾಳೆಗಳನ್ನು ಓಣಿಯ ಗೋಡೆಗೆ ಅಂಟಿಸಿ, ನಾವು ಮೂವರೂ ಎದುರಿನ ಕೊನೆಗೆ ಹೋಗಿ ನಿಂತೆವು. ದಾರಿ ಸಿಗದೆ ನಿಂತ ರಿಕ್ಷಾದವನು ತಲೆ ಹೊರಗೆ ಹಾಕಿ ಕೇಳಿದ: “ಕಾಯ್ ಹೋ, ನಿವಡ್ಣೂಕ್ ಆಲೀ ಕಾಯ್?”

“ಚುನಾವಣಿ ಅಲ್ಲಪಾ, ಅಕ್ಷರ ಆರಸಾಕತ್ತೇವಿ,” ಎಂದರು ಗುರೂಜಿ ಬಹಳ ಗಂಭೀರವಾಗಿ.

“ಮಂಗ್ ತೇಚ್ ಕೀ,” ಎಂದು ಅವನು ಹಾರ್ನ್ ಒತ್ತಿದ. ಹಂಗಾದ್ರ ಅದೂ ಚುನಾವಣಿನ ಆತಲ್ಲ ಎಂಬ ಅರ್ಥ.

ಆರಿಸುವ ಕೆಲಸ ಬೇಗ ಮುಗಿಯಿತು. ಸಪೂರ ಗೆರೆಯ ಮೂರು ಹಾಳೆಗಳು ಅಷ್ಟು ದೂರದಿಂದ ಖಾಲಿ ಹಾಳೆಗಳಂತೆ ಕಂಡವು. ನೆರಳು ಕಟ್ಟಿದ ಅಕ್ಷರಗಳ ಹೊಟ್ಟೆ ಮುಚ್ಚಿ ಕಪ್ಪು ಮುದ್ದೆಯಾಯಿತು. ಕುಂಚದಲ್ಲಿ ಬರೆದಂತಿದ್ದವು ಯಾವುದೋ ಸಿನಿಮಾ ಬಂದಿದೆ ಎನ್ನುವಂತಿದ್ದವು. ಎರಡು ಹಾಳೆಗಳಲ್ಲಿ ಅಕ್ಷರ ಸ್ಪಷ್ಟವಾಗಿತ್ತು, ಆದರೆ ಅವು ಬ್ಯಾಂಕಿನದೂ ಆಗಬಹುದಿತ್ತು, ದವಾಖಾನೆಯದೂ ಆಗಬಹುದಿತ್ತು.

“ಹಂಗಾದ್ರ ನಿಮಗ ಬೇಕಾದ್ದು ಎಂಥಾದ್ರಿ, ಅಜ್ಜಾ?”

ಚೀಲದಲ್ಲಿದ್ದ ಭಿತ್ತಿಪತ್ರದ ಝೆರಾಕ್ಸ್ ತೆಗೆದುಕೊಟ್ಟೆ. ಅವಳು ಅದನ್ನು ಹನ್ನೆರಡನೆಯದಾಗಿ ಅಂಟಿಸಿ, ಓಡುತ್ತಾ ಬಂದು ನಮ್ಮ ಪಕ್ಕದಲ್ಲಿ ನಿಂತು ನೋಡಿದಳು. ಪ್ರತಿ ದುಂಡಿನಲ್ಲಿಯೂ ಬಿಳಿಯ ಸೀಳು ಒಂದೇ ಕಡೆಗೆ ವಾಲಿ, ಇಡೀ ಶಬ್ದ ನಡೆಯುತ್ತಿರುವಂತೆ ಕಾಣಿಸಿತು. ಅವಳು ಅದರ ಕಡೆ ಕೈ ಮಾಡಿದಳು.

“ಇದ ಆಗಬೇಕ್ರಿ. ಇದು ಎಲ್ಲೂ ಇಲ್ಲ. ಇದರ ಮ್ಯಾಲಿಂದ ಉಳಿದ ಅಕ್ಷರನೂ ನಾ ತಗೀತೇನಿ, ಸಂಚಿಕೆದ ಎಲ್ಲಾ ತಲೆಬರಹಕ್ಕೂ ಬರತಾವ. ಖರೇ ಇವನ್ನ ಹಿಂಗ್ಯಾಕ ಕತ್ತರಿಸ್ಯಾರ?”

“ಕತ್ತರಿಸಿಲ್ಲವಾ, ಒಡದಾವ,” ಎಂದರು ಗುರೂಜಿ. “ಹಳೆ ಮರದ ಅಚ್ಚು. ನೀನು ಅವನ್ನೆಲ್ಲಾ ತುಂಬಿ ಬರೋಬರಿ ಮಾಡು.”

ಅಲ್ಲಿಯೇ ವಾದ ಶುರುವಾಯಿತು, ಊರಿಗೆ ಬಂದ ಮೇಲೂ ಮುಗಿಯಲಿಲ್ಲ. ಸಮಿತಿಯಲ್ಲಿ ವಿಷಯ ಬಂದಾಗ ಹಳೆಯ ಅಕ್ಷರವನ್ನೇ ಇಟ್ಟುಕೊಳ್ಳಲು ಮೂವರೂ ಒಪ್ಪಿದೆವು. ಒಡಕು ತುಂಬಬೇಕು ಎಂಬುದಕ್ಕೆ ಇಬ್ಬರು, ಬೇಡ ಎಂಬುದಕ್ಕೆ ನಾನೊಬ್ಬ. ಒಡಕು ಚೌಕಟ್ಟಿನಲ್ಲಿದ್ದರೆ ಸಾಕು, ಹೊಸ ಫಲಕದ ಮೇಲೆ ಮುರುಕು ಅಕ್ಷರ ಯಾಕೆ ಎಂದು ಗುರೂಜಿ ಕೇಳಿದರು. ಅದರಲ್ಲಿ ದುರುದ್ದೇಶವಿರಲಿಲ್ಲ. ಆದರೆ ಆ ಸೀಳುಗಳನ್ನು ತುಂಬಿಬಿಟ್ಟರೆ ನನ್ನ ಅಕ್ಕ ಮಾಡಿದ ಕೆಲಸದ ಏಕೈಕ ಗುರುತು ಅಳಿದುಹೋಗುತ್ತಿತ್ತು, ಮತ್ತು ಆ ಮೂರು ವಾಕ್ಯಗಳ ಸುಳ್ಳೇ ಉಕ್ಕಿನಲ್ಲಿ ಖಾಯಂ ಆಗುತ್ತಿತ್ತು. ಅಕ್ಕನಿಗೆ ಎಂಬತ್ತು ದಾಟಿದೆ. ಅವಳು ಇರುವಾಗಲೇ ಇದು ನೇರ್ಪಾಗಬೇಕು ಎಂದು ನಾನು ಗಟ್ಟಿ ಮಾಡಿಕೊಂಡೆ.

ಎರಡು ದಿನ ಬಿಟ್ಟು ಕೊಲ್ಹಾಪುರದಿಂದ ಆ ಹುಡುಗಿಯ ಫೋನ್ ಬಂತು.

“ಅಜ್ಜಾ, ಸಮಿತಿಯವರು ಹೇಳಿದಂಗ ತುಂಬಾಕತ್ತೇನಿ. ಆದ್ರ ಒಂದ ಮಾತು. ಒಡದದ್ದು ಆಗಿದ್ರ ಒಂದೊಂದು ಅಕ್ಷರ ಒಂದೊಂದು ಕಡೆ ಒಡೀಬೇಕಲ್ಲ? ಇವು ಎಲ್ಲಾ ಒಂದ ಓರಿ ಅದಾವ. ಕೆಳಗ ಎಡಕ, ಮ್ಯಾಲ ಬಲಕ. ನಾ ಅಳದು ನೋಡೇನಿ.”

ಈ ಮಾತು ನನಗೆ ಐವತ್ತು ವರ್ಷಗಳಲ್ಲಿ ಹೊಳೆದಿರಲಿಲ್ಲ. ನೋಡಿದ್ದೆ, ಆದರೆ ಅದನ್ನು ಸಾಕ್ಷಿಯೆಂದು ಎಣಿಸಿರಲಿಲ್ಲ. ಅಕ್ಕನ ಬಾಯಿಂದಲೇ ಎಲ್ಲವನ್ನೂ ಕೇಳಿ ಬರೆದುಕೊಂಡು ಬಂದು ಸಮಿತಿಯ ಮುಂದಿಡುವುದೆಂದು ಮಾರನೆಯ ದಿನವೇ ಹೊರಟೆ.

ಕೊರೋಚಿಯಲ್ಲಿ ಅವಳ ಮನೆ ಎರಡು ಮಗ್ಗದ ಶೆಡ್ಡುಗಳ ನಡುವೆ ಇದೆ. ಅಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಅವಳು ಕಟ್ಟೆಯ ಮೇಲೆ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ನಾನು ವಿಷಯ ಹೇಳಿದೆ.

“ಒಡದ ಅಕ್ಷರ ಅಂತಾರ? ಯಾರ ಅಂದಾವ್ರು?”

“ಗುರೂಜಿ.”

“ಅಂವಾ ಅವಾಗ ಎಲ್ಲಿದ್ದಾ?”

“ಮಹಾಗಾಂವದಾಗ ಸಾಲಿ ಕಲ್ಯಾಕತ್ತಿದ್ದಾ.”

“ಮತ್ತ ಅಂವಗ ಹ್ಯಾಂಗ ಗೊತ್ತಾತು?”

“ಅದನ್ನ ನಾನೂ ಕೇಳಾಕತ್ತೇನಿ, ಅಕ್ಕಾ. ಅದಕ್ಕ ನೀ ಹೇಳು, ನಾ ಬರಕೋತೇನಿ. ನೀ ಚಂದ ಕಾಣಲಿ ಅಂತ ಪಟ್ಟಿ ಓರಿ ಬಿಟ್ಟಿ ಅಂತ ನಾ ಎಲ್ಲಾರಿಗೂ ಹೇಳೇನಿ.”

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. “ಚಂದ ಕಾಣಲಿ ಅಂತ? ನಿನಗ್ಯಾರ ಹೇಳಿದ್ರು?”

“ಯಾರ ಹೇಳಬೇಕು? ನಾನಽ ತಗಡ ತಗೊಂಡು ಹೋಗಿದ್ನೆಲ್ಲ.”

“ಹೂಂ. ಎರಡ ವಾರ ಬಿಟ್ಟು ಬಂದಿ, ಚಾ ಕುಡದಿ, ತಗಡ ಎತ್ತಕೊಂಡಿ, ಹ್ವಾದಿ. ಕೊರಿಯೂ ಮುಂದ ನೀ ಇದ್ದೇನು?”

ನಾನು ಇರಲಿಲ್ಲ. ಗುರೂಜಿಗೆ ನಾನು ಕೇಳಬೇಕೆಂದಿದ್ದ ಪ್ರಶ್ನೆ ಅದು. ಈಗ ನನ್ನ ಎದುರಿಗೇ ಬಂದು ಕುಳಿತಿತ್ತು.

ಆಮೇಲೆ ಅವಳು ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ. ಅವಳು ಅದಕ್ಕೆ ಮೊದಲು ಎಂದೂ ತಗಡು ಕೊರೆದವಳಲ್ಲ. ಮಗ್ಗದ ರಿಪೇರಿಗೆಂದು ಮನೆಯಲ್ಲಿದ್ದ ಉಳಿಯಿಂದ ಮೊದಲು ವಕಾರದ ಗೆರೆಯನ್ನು ಸುತ್ತಲೂ ಬಿಡದಂತೆ ಕೊರೆದಳು. ಕೊನೆಯ ಏಟಿಗೆ ಅಕ್ಷರದ ನಡುವಿನ ತಗಡು ಕಳಚಿ ಅವಳ ಮಡಿಲಲ್ಲಿ ಬಿತ್ತು. ತಗಡಿನಲ್ಲಿ ಉಳಿದದ್ದು ಬರೀ ಒಂದು ದೊಡ್ಡ ತೂತು.

“ನಾ ಅಳೂಹಂಗ ಕುಂತಿದ್ನಿ. ನಮ್ಮ ಅತ್ತಿ ಗೋದಾಮಿನಿಂದ ಬಂದಾಕಿ ಅದನ್ನ ಎತ್ತಿ ಹಿಡದು, ತೂತಿನಾಗಿಂದ ನನ್ನ ಮಾರಿ ನೋಡಿ ನಕ್ಕಳು. ದಿನಾ ಬೇಲುಗಳಿಗೆ ಮಸಿ ಬಳಿಯಾಕಿ ನಾನು, ನನ್ನ ಕೇಳಬಾರದೇನು ಅಂದಳು. ಎರಡ ಕಡೆ ಪಟ್ಟಿ ಬಿಡು ಅಂದಳು. ಬಿಟ್ಟೆ, ನೆಟ್ಟಗ, ಮ್ಯಾಲೊಂದು ಕೆಳಗೊಂದು. ಆಕಿನ ಬ್ರಷ್ ತಗೊಂಡು ಬಳದು ನೋಡಿದಳು. ಬ್ರಷಿನ ಕೂದಲಾ ಪಟ್ಟಿಗೆ ಸಿಗಬಿದ್ದು ಮೂರನೇ ಕಾಗದಕ್ಕ ಪಟ್ಟಿ ಮ್ಯಾಲ ಎದ್ದತು. ಓರಿ ಬಿಡು, ಅವಾಗ ಬ್ರಷ್ ಜಾರಿ ಹೋಗತೈತಿ ಅಂದಳು. ಆಕಿ ಹೇಳಿದಳು, ನಾ ಕೊರದೆ. ಚಂದ ಗಿಂದ ಏನೂ ಇಲ್ಲ.”

“ಇಷ್ಟ ವರ್ಷ ಯಾಕ ಹೇಳಲಿಲ್ಲ?”

“ನೀ ಕೇಳಿದ್ದೆಲ್ಲಿ? ನೀ ಹೇಳತಿದ್ದಿ, ನಾ ಕೇಳತಿದ್ನಿ.”

ಹೊರಡುವಾಗ ಅವಳು ಬಾಗಿಲವರೆಗೆ ಬಂದಳು. “ನಿಮ್ಮ ಗುರೂಜಿಗೆ ಹೇಳು. ತುಂಬಿಸಿ ಕೊರದ್ರ ನಡುವಿಂದು ಉಳಿಯಂಗಿಲ್ಲ. ಮತ್ತ ಒಡದದ್ದು ಅಂತ ಓದಿದ್ರ ನಾ ನಿಮ್ಮ ಕಾರ್ಯಕ್ರಮಕ್ಕ ಬರಂಗಿಲ್ಲ. ನಾ ಒಡದ ಕೆಲಸಾ ಮಾಡಿ ಕೊಟ್ಟಾಕಿ ಅಲ್ಲ.”

ಬಸ್ಸಿನಲ್ಲಿ ಕುಳಿತಾಗ ನನಗೆ ಸಮಾಧಾನವಿರಲಿಲ್ಲ. ಬರೆದುಕೊಂಡ ಕಾಗದ ಜೇಬಿನಲ್ಲಿತ್ತು. ಅದನ್ನು ಸಮಿತಿಯ ಮುಂದಿಟ್ಟರೆ ನನ್ನ ಮಾತೂ ಅರ್ಧ ಸುಳ್ಳೆಂದು ಗೊತ್ತಾಗುತ್ತದೆ. ಅತ್ತೆಯ ಸಂಗತಿಯನ್ನು ಬಿಟ್ಟು ಹೇಳಿದರೆ ನನ್ನ ಐವತ್ತು ವರ್ಷದ ಮಾತು ಉಳಿಯುತ್ತದೆ. ಹಾಗೆ ಬಿಟ್ಟು ಹೇಳುವವರ ವಿರುದ್ಧವೇ ನಾನು ಇಷ್ಟು ದಿನ ಕೂಗಾಡಿದವನು. ಕಾಗದವನ್ನು ಇಡಿಯಾಗಿಯೇ ಓದುವುದೆಂದು, ಆದರೆ ಮೊದಲು ಫಲಕ ಉಳಿಸಿಕೊಳ್ಳುವುದೆಂದು ನಿಶ್ಚಯಿಸಿದೆ.

ಫಲಕ ಕೊರೆಯುವ ಕಾರ್ಖಾನೆ ಇಚಲಕರಂಜಿಯಲ್ಲಿತ್ತು. ನಿಗದಿಯಾದ ದಿನ ಗುರೂಜಿಯ ಜೊತೆ ನಾನೂ ಹೋದೆ. ಬೆಳಕಿನ ಕಿರಣದಿಂದ ಉಕ್ಕನ್ನು ಕೊಯ್ಯುವ ಆ ಯಂತ್ರದ ಮುಂದೆ ನಿಂತ ಯಜಮಾನನಿಗೆ ನಲವತ್ತರ ವಯಸ್ಸು. ಕನ್ನಡ ಸರಾಗವಾಗಿ ಮಾತಾಡುತ್ತಿದ್ದ, ಓದಲು ಬರುತ್ತಿರಲಿಲ್ಲ. ಅಕ್ಕ ಹೇಳಿದ ಎಚ್ಚರಿಕೆಯನ್ನು ನಾನು ಗುರೂಜಿಗೆ ಬಸ್ಸಿನಲ್ಲಿಯೇ ಹೇಳಿದ್ದೆ.

“ಅದು ಉಳಿ ಬಡಿಗಿ ಕಾಲದ ಮಾತು,” ಎಂದಿದ್ದರು ಅವರು. “ಈಗ ಕಂಪ್ಯೂಟರ ಎಲ್ಲಾ ನೋಡಕೋತೈತಿ.”

ಕಾರ್ಖಾನೆಯವನು ಅದನ್ನು ಕೇಳಿ ತಲೆಯಾಡಿಸಿದ. “ಗುರೂಜಿ, ಮಶೀನಿಗೆ ಕನ್ನಡ ಬರಂಗಿಲ್ಲ, ನನಗೂ ಓದಾಕ ಬರಂಗಿಲ್ಲ. ಗೆರಿ ಇದ್ದಲ್ಲಿ ಕೊಯ್ಯೂದಷ್ಟ ನಮ್ಮ ಕೆಲಸ.”

“ಮೊದಲ ಒಂದು ಅಕ್ಷರ ತುಂಡು ತಗಡಿನ ಮ್ಯಾಲ ಕೊಯ್ದು ತೋರಸಪಾ,” ಎಂದೆ. “ಕ ಅಷ್ಟ.”

ನೀಲಿ ಕಿಡಿ ತಗಡಿನ ಮೇಲೆ ಓಡಾಡಿತು. ಮೊದಲು ಒಳಗಿನ ದುಂಡು ಗೆರೆ, ಆಮೇಲೆ ಹೊರಗಿನದು. ಸದ್ದು ನಿಂತು ಅವನು ತಗಡನ್ನು ಎತ್ತುವಾಗ ಕೆಳಗೆ ಟಣ್ ಎಂದಿತು. ಆಮೇಲೆ ಇನ್ನೊಂದು ಸಲ. ಅವನು ತಗಡನ್ನು ಬಾಗಿಲ ಬೆಳಕಿಗೆ ಹಿಡಿದ. ಅಲ್ಲಿ ಕ ಇರಲಿಲ್ಲ. ಒಂದು ದಪ್ಪ ತೂತಿತ್ತು.

“ಮಧಲಂ ಸಗ್ಳಂ ಗೇಲಂ ಕೀ,” ಎಂದ ಅವನು. ನಡುವಿನದೆಲ್ಲ ಹೋಯಿತಲ್ಲ ಎಂದು. ಆಮೇಲೆ ನಮ್ಮ ಕಡೆ ತಿರುಗಿ, “ಇದಕ್ಕ ಹಿಡಕೊಳ್ಳಾಕ ಏನರ ಬಿಡಬೇಕಿತ್ರಿ. ಮರಾಠಿ ಬೋರ್ಡಿಗೆ ನಾವಽ ಬಿಡತೇವಿ. ಇದು ನನಗ ತಿಳಿಯಂಗಿಲ್ಲ, ಕಳಿಸಿದಂಗ ಕೊಯ್ದೆ.”

ಗುರೂಜಿ ಬಾಗಿ ಕೆಳಗೆ ಬಿದ್ದ ದುಂಡು ತುಂಡನ್ನು ಎತ್ತಿಕೊಂಡರು. ಅದು ಬಿಸಿಯಾಗಿದ್ದಿರಬೇಕು, ಟೋಪಿ ತೆಗೆದು ಅದರಲ್ಲಿ ಹಾಕಿಕೊಂಡರು. ಅಲ್ಲಿಯೇ ನಿಂತು ಕೊಲ್ಹಾಪುರದ ಹುಡುಗಿಗೆ ಫೋನ್ ಹಚ್ಚಿದರು. “ತಂಗೀ, ನಾವು ತುಂಬು ಅಂದದ್ದೆಲ್ಲಾ ತಗದಬಿಡು. ಮದಲ ಹ್ಯಾಂಗ ಇತ್ತೋ ಹಂಗ ಇಡು.” ಅವಳು ಆ ಕಡೆಯಿಂದ ಏನೋ ಹೇಳಿದಳು. ಗುರೂಜಿ ನನ್ನ ಕಡೆ ನೋಡಿ, “ಎರಡೂ ತಯಾರ ಮಾಡಿ ಇಟ್ಟಾಳಂತ,” ಎಂದರು.

ಮರಳುವ ಬಸ್ಸಿನಲ್ಲಿ ನಾನು ಜೇಬಿನಿಂದ ಕಾಗದ ತೆಗೆದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

“ಅಂದ್ರ ಇಷ್ಟ ವರ್ಷ ನೀವು ನಮಗ ಹೇಳಿದ್ದು?”

“ಅರ್ಧ ತಪ್ಪು.”

“ನಂದು?”

“ನಿಮ್ದು ಪೂರಾ.”

ಅವರು ಕಿಟಕಿಯ ಕಡೆ ತಿರುಗಿದರು. ಭುಜ ಕುಲುಕುತ್ತಿದ್ದುದರಿಂದ ನಗುತ್ತಿದ್ದಾರೆಂದು ತಿಳಿಯಿತು. ಆದರೆ ಸೋಲುವವರಲ್ಲ ಅವರು. ಕಾಗದ ಮಡಚಿ ಮರಳಿ ಕೊಡುತ್ತಾ ಹೇಳಿದರು: “ಇವತ್ತ ಬಿದ್ದದ್ದು ಇವತ್ತಿನ ತಗಡು. ಐವತ್ತ ವರ್ಷದ ಹಿಂದಿನ ಕಾಗದ ತಗಡಿಂದಽ ಆಗೇತಿ ಅನ್ನೂದು ಇದರಿಂದ ಸಿದ್ಧ ಆಗಂಗಿಲ್ಲ. ಹೌದಲ್ರಿ?”

ಹೌದು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಅಕ್ಷರಕ್ಕೆ ಪಟ್ಟಿ ಏಕೆ ಬೇಕು ಎಂಬುದು ತಿಳಿದಿತ್ತು. ಆ ಅಕ್ಷರ ಅಂದು ಹೇಗೆ ಕಾಗದದ ಮೇಲೆ ಬಂತು ಎಂಬುದಕ್ಕೆ ಇನ್ನೂ ನನ್ನ ಬಾಯಿಮಾತು ಮಾತ್ರ ಇತ್ತು. ಬಸ್ಸು ಗಡಹಿಂಗ್ಲಜ ಮುಟ್ಟುವುದರೊಳಗೆ ಏನು ಮಾಡಬೇಕೆಂದು ಹೊಳೆಯಿತು. ಹಿಂಬದಿ ಕೇಳುವ ಚಟದವನೇ ಇಷ್ಟು ವರ್ಷ ಮುಂಬದಿಯನ್ನಷ್ಟೇ ತೋರಿಸುತ್ತಾ ಬಂದಿದ್ದೆ. ಅಚ್ಚುಮೊಳೆಯಾಗಲಿ, ಮರದ ಅಚ್ಚಾಗಲಿ, ಯಂತ್ರದಲ್ಲಿ ಒತ್ತಿದ್ದು ಕಾಗದದಲ್ಲಿ ಇಳಿಯುತ್ತದೆ. ಹಿಂಬದಿಯಲ್ಲಿ ಉಬ್ಬಾಗಿ ಬೆರಳಿಗೆ ಸಿಗುತ್ತದೆ. ಬ್ರಷ್‌ನಿಂದ ಬಳಿದದ್ದಕ್ಕೆ ಒತ್ತಡವೇ ಇಲ್ಲ. ಭಿತ್ತಿಪತ್ರವನ್ನು ಮೊದಲ ವರ್ಷವೇ ಗಾಜು ಹಾಕಿ ಚೌಕಟ್ಟು ಕಟ್ಟಿಸಿದ್ದರು. ಅದರ ಬೆನ್ನನ್ನು ಅಂದಿನಿಂದ ಯಾರೂ ನೋಡಿರಲಿಲ್ಲ.

ಬಸ್ಸಿಳಿದವರು ಮನೆಗೆ ಹೋಗದೆ ನೇರವಾಗಿ ವಾಚನಾಲಯಕ್ಕೆ ನಡೆದೆವು. ಪತ್ರಿಕೆ ಓದುತ್ತಿದ್ದ ನಾಲ್ಕೈದು ಜನ ತಲೆಯೆತ್ತಿ ನೋಡಿದರು. ಗ್ರಂಥಪಾಲಕಿ ಸ್ಟೂಲು ಹಾಕಿಕೊಟ್ಟಳು. ಚೌಕಟ್ಟನ್ನು ಇಳಿಸಿ ಮೇಜಿನ ಮೇಲೆ ಬೋರಲು ಹಾಕಿ, ತುಕ್ಕು ಹಿಡಿದ ಮೊಳೆಗಳನ್ನು ಗುರೂಜಿ ತಾವೇ ಇಕ್ಕಳದಿಂದ ಕಿತ್ತರು. ಹಿಂಬದಿಯ ರಟ್ಟು ತೆಗೆದೆವು. ಕಾಗದ ಹಳದಿಯಾಗಿತ್ತು.

“ಕಣ್ಣ ಮುಚ್ಚಿಕೊಂಡು ನೋಡ್ರಿ,” ಎಂದೆ.

ಅವರು ಕಣ್ಣು ಮುಚ್ಚಿ ಬೆರಳನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ತಂದರು. “ಇಲ್ಲ್ಯೊಂದು ಸಾಲು. ಇಲ್ಲ್ಯೊಂದು.” ಹೀಗೆ ಆರು ಎಣಿಸಿದರು. ಬೆರಳು ಇನ್ನೂ ಮೇಲೆ ಹೋಯಿತು, ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಮತ್ತೆ ಎಡಕ್ಕೆ ಹೋಯಿತು. ಆಮೇಲೆ ಕಣ್ಣು ತೆರೆದು ನೋಡಿದರು. ಮೇಲ್ಭಾಗ ನುಣ್ಣಗಿತ್ತು. ಉಬ್ಬಿನ ಬದಲು ಅಲ್ಲಿ ಮಸಿಯ ಎಣ್ಣೆ ಇಂಗಿ ಕಂದಾಗಿ ಹರಡಿದ ಕಲೆಗಳಿದ್ದವು. ಕೈಯಿಂದ ದಪ್ಪವಾಗಿ ಬಳಿದಾಗ ಮಾತ್ರ ಹಾಗೆ ಇಂಗುತ್ತದೆ.

ಗುರೂಜಿ ಕುರ್ಚಿ ಎಳೆದುಕೊಂಡು ಕುಳಿತು, ಗ್ರಂಥಪಾಲಕಿಯಿಂದ ಪೆನ್ನು ಕೇಳಿ ಪಡೆದು, ತಮ್ಮ ಮೂರು ವಾಕ್ಯಗಳಿದ್ದ ಕಡತ ತರಿಸಿದರು. ಎರಡನೆಯ ಮತ್ತು ಮೂರನೆಯ ವಾಕ್ಯಗಳ ಮೇಲೆ ಗೆರೆ ಎಳೆದರು. ಮೊದಲನೆಯದರಲ್ಲಿ ‘ಭಿತ್ತಿಪತ್ರ’ದವರೆಗೆ ಬಿಟ್ಟು ಉಳಿದದ್ದನ್ನು ಹೊಡೆದರು. ಹೊಸದಾಗಿ ಬರೆಯುವಾಗ ಒಂದು ಶರತ್ತು ಹಾಕಿದರು. ತಗಡು ಎಂಬುದಕ್ಕೆ ಕಾಗದವೇ ಆಧಾರ, ಅದನ್ನು ಖಚಿತವಾಗಿ ಬರೆಯಬಹುದು. ಓರೆಪಟ್ಟಿ ಅತ್ತೆಯ ಸಲಹೆ ಎಂಬುದಕ್ಕೆ ಅಕ್ಕನ ಹೇಳಿಕೆ ಮಾತ್ರ ಇದೆ. ಅದನ್ನು ಹೇಳಿಕೆ ಎಂದೇ ಬರೆಯಬೇಕು. ನಾನು ಒಪ್ಪಿದೆ. ಅದು ಸರಿಯಾದ ಕ್ರಮ. ನನ್ನ ಸೌಂದರ್ಯದೃಷ್ಟಿಯ ಕಥೆಗೆ ಅಲ್ಲಿ ಜಾಗ ಸಿಗಲಿಲ್ಲ, ನಾನು ಕೇಳಲೂ ಇಲ್ಲ. ಸಂಚಿಕೆಯಲ್ಲಿ ಅತ್ತೆ ಸೊಸೆ ಇಬ್ಬರ ಹೆಸರೂ ಅಚ್ಚಾಗಿವೆ, ಆ ಹುಡುಗಿ ಪೂರ್ತಿ ಮಾಡಿದ ಅದೇ ಓರೆಸೀಳಿನ ಅಕ್ಷರಗಳಲ್ಲಿ.

ಅಕ್ಕ ಕಾರ್ಯಕ್ರಮಕ್ಕೆ ಬಂದಳು. ಫಲಕದ ದೀಪ ಹಚ್ಚಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ರಸ್ತೆಯ ಆ ಬದಿಗೆ ಹೋಗಿ ನಿಂತು ನೋಡಿ ಬಂದು ಗುರೂಜಿಗೆ ಹೇಳಿದಳು: “ಚಕಾರದ್ದು ಒಂದು ಪಟ್ಟಿ ಸಣ್ಣದಾಗೇತ್ರಿ. ನಮ್ಮ ಅತ್ತಿ ಆಗಿದ್ರ ಬಿಡತಿದ್ದಿಲ್ಲ.”

“ಹೌದ್ರಿ, ಅಕ್ಕಾರ,” ಎಂದರು ಗುರೂಜಿ. “ನೀವು ಹೇಳಿದ್ದು ಬರಕೋತೇನಿ.”

ಭಿತ್ತಿಪತ್ರಕ್ಕೆ ಮತ್ತೆ ಚೌಕಟ್ಟು ಹಾಕಿಸಿಲ್ಲ. ಪತ್ರಿಕೆಗಳ ಮೇಜಿನ ಹಿಂದಿನ ಕಪಾಟಿನಲ್ಲಿ, ಎರಡು ರಟ್ಟುಗಳ ನಡುವೆ ಇದೆ. ಹತ್ತು ಗಂಟೆಯ ಮೇಲೆ ಯಾವಾಗ ಹೋಗಿ ಕೇಳಿದರೂ ಗ್ರಂಥಪಾಲಕಿ ತೆಗೆದುಕೊಡುತ್ತಾಳೆ. ಕೈ ತೊಳೆದು ಒರೆಸಿಕೊಂಡು, ಹಾಳೆಯನ್ನು ಬೋರಲು ಹಾಕಿ, ಬೆರಳನ್ನು ಕೆಳಗಿನಿಂದ ಮೇಲಕ್ಕೆ ತನ್ನಿ. ಆರು ಸಾಲುಗಳು ಸಿಗುತ್ತವೆ. ಮೇಲಿನ ಎರಡು ಶಬ್ದಗಳು ಸಿಗುವುದಿಲ್ಲ.